ಅಂಗಳ ನೋಡಿ ಗುಡ್ಡದ ಸುದ್ದಿ ಹೇಳಬಾರದು

‘ಅಲ್ಲಿ ಮಳೆ ಹೇಗಿದೆ ಮಾರಾಯ? ನಾವು ಐದು ಜನ ಇದ್ದೇವೆ, ಕೊಡಚಾದ್ರಿಗೆ ಹೋಗೋಣ ಅಂತ.’

ಹೋದ ವರ್ಷ ಜುಲೈ ತಿಂಗಳ ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ ನಿಂತಿದ್ದ ನಾನು ಅಂಗಳದ ಕಡೆ ಒಮ್ಮೆ ನೋಡಿ ಹೇಳಿದೆ: ‘ಎಂತ ಇಲ್ಲ, ಹನೀತಿದೆ ಅಷ್ಟೆ. ಬನ್ನಿ.’

ಆ ಒಂದು ಮಾತಿನ ಮೇಲೆ ಐದು ಜನ ರಾತ್ರಿಯಿಡೀ ಪ್ರಯಾಣ ಮಾಡಿ ಬಂದರು. ನಾನೂ ಸೇರಿಕೊಂಡೆ. ಬೆಳಿಗ್ಗೆ ಗುಡ್ಡದ ಬುಡದಲ್ಲಿ ಜೀಪಿನವರೊಬ್ಬರು ನಮ್ಮನ್ನು ನೋಡಿ, ‘ಮೇಲೆ ರಾತ್ರಿಯಿಂದ ಹೊಯ್ತಾ ಇದೆ ಮಾರಾಯ್ರೆ. ಹೋಗೋದಾದ್ರೆ ಹನ್ನೆರಡರೊಳಗೆ ಹಳ್ಳ ದಾಟಿ ವಾಪಸ್ ಬನ್ನಿ’ ಎಂದರು. ಜೀಪಿಗೆ ಬಾಡಿಗೆ ಸಿಗಲಿ ಎಂದು ಹೆದರಿಸುತ್ತಿದ್ದಾರೆ ಎಂದುಕೊಂಡು ನಾವು ನಕ್ಕು ಮುಂದೆ ಹೋದೆವು.

ಒಂಬತ್ತು ಗಂಟೆಗೆ ಪಾದ ಮುಳುಗುವಷ್ಟಿದ್ದ ಹಳ್ಳ, ಮೂರು ಗಂಟೆಗೆ ನಾವು ಇಳಿದು ಬಂದಾಗ ಕೆಂಪು ನೀರಾಗಿ ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು. ನಾವಿದ್ದ ಕಡೆ ಆಗ ಮಳೆ ನಿಂತಿತ್ತು ಎಂಬುದೇ ನಮಗೆ ಮೋಸ ಮಾಡಿದ್ದು. ಹಳ್ಳಕ್ಕೆ ನೀರು ಬರುವುದು ಮೇಲಿನ ಕಾಡಿನಿಂದ. ಕಣ್ಣೆದುರಿನ ಆಕಾಶ ನೋಡಿದರೆ ಅದು ಗೊತ್ತಾಗುವುದಿಲ್ಲ. ನೀರಿಗಿಳಿದ ಚಿಕ್ಕಪ್ಪನ ಮಗ ಜಾರಿದ. ಒಂದು ಬೇರು ಕೈಗೆ ಸಿಕ್ಕಿದ್ದರಿಂದ ಉಳಿದ. ಕಾಲಿನ ಗಿಣ್ಣು ಮುರಿಯಿತು. ಅವನನ್ನು ಹೇಗೋ ಈಚೆ ದಡಕ್ಕೆ ಎಳೆದುಕೊಂಡು, ಫೋನಿಗೆ ಸಿಗ್ನಲ್ ಇಲ್ಲದೆ, ಇಂಬಳ ಕಚ್ಚಿಸಿಕೊಳ್ಳುತ್ತಾ ಕತ್ತಲಾಗುವವರೆಗೂ ಕೂತೆವು.

ರಾತ್ರಿ ಎಂಟರ ಸುಮಾರಿಗೆ ಆಚೆ ದಡದಲ್ಲಿ ಬ್ಯಾಟರಿ ಬೆಳಕು ಕಂಡಿತು. ಬಂದವರು ಅದೇ ಜೀಪಿನವರು, ಹಗ್ಗ ಹಿಡಿದ ನಾಲ್ಕು ಜನರ ಜೊತೆ. ‘ಆರು ಜನ ಹತ್ತಿದ್ರಿ. ಒಬ್ಬರೂ ಇಳಿದಿದ್ದು ಕಾಣ್ಲಿಲ್ಲ’ ಎಂದಷ್ಟೇ ಹೇಳಿದರು. ನಮ್ಮ ಆರು ಜೀವ ಆ ದಿನ ನಿಂತಿದ್ದು ಒಬ್ಬ ಮನುಷ್ಯನ ನೆನಪಿನ ಮೇಲೆ. ಅವರು ಆ ದಿನ ಬೇರೆ ಬಾಡಿಗೆಗೆ ಹೋಗಿದ್ದರೆ?

ಈ ಪ್ರಶ್ನೆ ತಲೆಯಿಂದ ಹೋಗದೆ, ಬೇರೆ ಕಡೆ ಗುಡ್ಡಬೆಟ್ಟಗಳನ್ನು ಹೇಗೆ ನಡೆಸುತ್ತಾರೆ ಎಂದು ಓದತೊಡಗಿದೆ. ಹೆಚ್ಚು ಕಲಿತದ್ದು ನಮ್ಮ ಮಲೆನಾಡಿಗೆ ಸಂಬಂಧವೇ ಇಲ್ಲದಂತೆ ಕಾಣುವ ಜಾಗಗಳಿಂದ: ಹಿಮದ ಮೇಲೆ ಜಾರುವ ಸ್ಕೀಯಿಂಗ್ ತಾಣಗಳಿಂದ. ಅಲ್ಲಿ ಪ್ರವಾಸಿಗರು ಏಳುವ ಮೊದಲೇ ಗಸ್ತಿನವರು ಇಳಿಜಾರಿಗೆ ಹೋಗಿ ಹಿಮ ಪರೀಕ್ಷಿಸುತ್ತಾರೆ. ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಹೇಗಿದೆ, ಯಾವ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಪ್ರತಿದಿನ ಬೆಳಿಗ್ಗೆ ಪ್ರಕಟಿಸುತ್ತಾರೆ. ಸಂಜೆ ಗಸ್ತಿನವರೇ ಕೊನೆಯವರಾಗಿ ಇಳಿದು, ಮೇಲೆ ಯಾರೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ನಮ್ಮ ಜೀಪಿನವರು ಮಾಡಿದ್ದೂ ಇದನ್ನೇ. ಅಲ್ಲಿ ಅದು ಸಂಬಳದ ಕೆಲಸ, ಇಲ್ಲಿ ಪುಣ್ಯದ ಕೆಲಸ.

ಹಾಗೆಂದು ಅಲ್ಲಿ ಸಾವೇ ಇಲ್ಲವೆಂದಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡ್‌ನ ಇಬ್ಬರು ತೀರಿಕೊಂಡರು. ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು ಸತ್ತರು. ಯುರೋಪಿನಲ್ಲಿ ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಹಂತಗಳಲ್ಲಿ ಹೇಳುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ಇಂಥ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಸಂಭವಿಸುವುದು 5ನೇ ಹಂತದ ದಿನವಲ್ಲ, ನಡುವಿನ 3ನೇ ಹಂತದ ದಿನ. ಕಾರಣ ಸರಳ. ವಿಪರೀತ ಅಪಾಯದ ದಿನ ಜನ ಮನೆಯಲ್ಲೇ ಇರುತ್ತಾರೆ. ‘ಪರವಾಗಿಲ್ಲ, ಹೋಗಬಹುದು’ ಅನ್ನಿಸುವ ದಿನವೇ ಹೊರಡುತ್ತಾರೆ. ನಾವು ಹೋದದ್ದೂ ಅಂಥ ದಿನವೇ. ಜಿಲ್ಲೆಗೆ ರೆಡ್ ಅಲರ್ಟ್ ಇರಲಿಲ್ಲ.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಬಹುಮಟ್ಟಿಗೆ ಇಡೀ ಜಿಲ್ಲೆಗೆ ಸೇರಿದವು. ಆದರೆ ಆಗುಂಬೆಯೂ ಶಿಕಾರಿಪುರವೂ ಒಂದೇ ಜಿಲ್ಲೆಯಲ್ಲಿವೆ. ಎರಡರ ಮಳೆಗೂ ಹೋಲಿಕೆಯೇ ಇಲ್ಲ. ಜಿಲ್ಲೆಯ ಬಣ್ಣ ಒಂದು ಹಳ್ಳದ ನೀರನ್ನು ಹೇಳಲಾರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಹಾಕಿದೆ. ಅಂದರೆ ಲೆಕ್ಕ ಇದೆ. ಅದು ಗುಡ್ಡದ ಬುಡಕ್ಕೆ, ಹತ್ತಲು ನಿಂತವರ ಕಣ್ಣಿಗೆ ತಲುಪುತ್ತಿಲ್ಲ, ಅಷ್ಟೆ.

ಅಪಘಾತವಾದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವ ಪದ ‘ನಿಷೇಧ’. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕ ಬಂಡೆಯಿಂದ ಜಾರಿ ಕೊಚ್ಚಿಹೋದದ್ದನ್ನು ರಾಜ್ಯವೆಲ್ಲ ಫೋನಿನಲ್ಲಿ ನೋಡಿತು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಜನರ ಸಂಖ್ಯೆಗೆ ಮಿತಿ ಹಾಕಲು ಹೊರಟಿತು. ಒಳ್ಳೆಯದೇ. ಆದರೆ ಮೊದಲೇ ಕೊಂಡ ಟಿಕೆಟ್‌ಗೆ ಇವತ್ತಿನ ಮಳೆ ಗೊತ್ತಿರುವುದಿಲ್ಲ. ಟಿಕೆಟ್ ಇದೆ ಎಂಬ ಧೈರ್ಯದಲ್ಲಿ ಹತ್ತುವವರೂ ಇದ್ದಾರೆ. ಇನ್ನು ಮಳೆಗಾಲವಿಡೀ ಮುಚ್ಚಿದರೆ ಜೀಪಿನವರು, ಹೋಂಸ್ಟೇಯವರು, ಗೈಡ್‌ಗಳು ಏನು ಮಾಡಬೇಕು? ಜನರೂ ನಿಲ್ಲುವುದಿಲ್ಲ, ಯಾರ ಕಣ್ಣಿಗೂ ಬೀಳದ ಕಳ್ಳದಾರಿ ಹುಡುಕುತ್ತಾರೆ.

ನನ್ನ ಬೇಡಿಕೆ ಚಿಕ್ಕದು. ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗದಂಥ ಪ್ರತಿ ಜಾಗದ ಬುಡದಲ್ಲೂ ಒಂದು ಕರಿಹಲಗೆ ಇರಲಿ. ಬೆಳಿಗ್ಗೆ ಏಳು ಗಂಟೆಗೆ ಅದರ ಮೇಲೆ ಐದೇ ಸಾಲು: ಕಳೆದ 24 ಗಂಟೆಯ ಮಳೆ, ಹಳ್ಳದ ಮಟ್ಟ, ಮಂಜು, ತೆರೆದ ಹಾದಿ, ವಾಪಸಾಗಬೇಕಾದ ಹೊತ್ತು. ಪಕ್ಕದಲ್ಲಿ ಒಂದು ಪುಸ್ತಕ: ಹತ್ತುವಾಗ ಹೆಸರು, ಇಳಿದಾಗ ಗುರುತು. ಬರೆಯುವವರು ಆ ಊರಿನ ಯುವಕ ಯುವತಿಯರೇ ಆಗಿರಲಿ. ಅವರಿಗೆ ಸಂಬಳ ಬರಲಿ, ‘ಇವತ್ತು ಬೇಡ’ ಎನ್ನುವ ಅಧಿಕಾರವೂ ಇರಲಿ. ಹಣ ಎಲ್ಲಿಂದ ಎಂದರೆ, ನಾವು ಕಟ್ಟುವ ಪ್ರವೇಶ ಶುಲ್ಕ ಇದೆಯಲ್ಲ!

ಕೆಲಸ ಹುಡುಕುತ್ತಿರುವ ನನ್ನ ಓರಗೆಯವರು ಇದನ್ನು ಗಮನಿಸಬೇಕು. ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಸಲು ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಸಾಹಸ ಕ್ರೀಡೆಗಳ ತರಬೇತಿ ಕೊಡುತ್ತದೆ. ‘ಆಪದ ಮಿತ್ರ’ ಯೋಜನೆಯಲ್ಲಿ ಸ್ವಯಂಸೇವಕರಿಗೆ ರಕ್ಷಣಾ ಕೆಲಸ ಕಲಿಸಿದ್ದಾರೆ. ಹಗ್ಗ ಕಟ್ಟುವುದು, ಪ್ರಥಮ ಚಿಕಿತ್ಸೆ, ಗಾಯಾಳುವನ್ನು ಹೊರುವುದು ಕಲಿತರೆ, ಹುಟ್ಟಿದಾಗಿನಿಂದ ಕಂಡ ಕಾಡು ನಮಗೆ ಅನ್ನ ಕೊಡುವ ವಿದ್ಯೆಯೂ ಆಗಬಹುದು.

ಹಲಗೆ ಬರುವವರೆಗೆ ನಮ್ಮ ಪಾಲಿನ ಕೆಲಸವಂತೂ ಇದೆ. ಗುಡ್ಡದ ತುದಿ ಕಾಣದಿದ್ದರೆ ಹತ್ತುವುದು ಬೇಡ. ನೀರಿನ ಬಣ್ಣ ಬದಲಾದರೆ ದಾಟುವುದು ಬೇಡ. ಸ್ಥಳೀಯರು ಬೇಡ ಎಂದರೆ, ಅವರಿಗೇನು ಲಾಭ ಎಂದು ಲೆಕ್ಕ ಹಾಕುವುದೂ ಬೇಡ.

ಚಿಕ್ಕಪ್ಪನ ಮಗ ಈಗ ಚೆನ್ನಾಗಿ ನಡೆಯುತ್ತಾನೆ. ಮೊನ್ನೆ ಪುನರ್ವಸು ಮಳೆ ಜೋರಾಗಿದ್ದಾಗ ಮತ್ತೆ ಫೋನ್ ಮಾಡಿದ್ದ: ‘ಅಲ್ಲಿ ಹೇಗಿದೆ ಮಾರಾಯ?’ ‘ಅಂಗಳದ್ದು ಗೊತ್ತು, ಗುಡ್ಡದ್ದು ಗೊತ್ತಿಲ್ಲ. ಬೆಳಿಗ್ಗೆ ಜೀಪಿನವರನ್ನು ಕೇಳಿ ಹೇಳ್ತೀನಿ’ ಎಂದೆ. ಅವರು ಬೇಡ ಎಂದರು. ಅವನು ಬರಲಿಲ್ಲ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ದೀಪಾವಳಿಗೆ ಬರುತ್ತಾನೆ.