ಪರಮಪ್ರಸಾದಕ್ಕೂ ಸಾಲವೇ?

ಕೆಲವು ವರ್ಷಗಳ ಹಿಂದಿನ ಮಾತು. ಪ್ರಥಮ ಪರಮಪ್ರಸಾದದ ದಿನ ಸಮೀಪಿಸುತ್ತಿತ್ತು. ಒಂದು ಸಂಜೆ ಬಲಿಪೂಜೆಯ ನಂತರ ತಾಯಿಯೊಬ್ಬರು ಗುರುನಿವಾಸದ ಬಾಗಿಲಲ್ಲಿ ನಿಂತು, "ಫಾದರ್, ಈ ವರ್ಷ ನಮ್ಮ ಮಗಳ ಹೆಸರು ತೆಗೆದುಬಿಡಿ. ಮುಂದಿನ ವರ್ಷ ನೋಡೋಣ" ಎಂದರು. ಆ ಬಾಲಕಿ ಧರ್ಮೋಪದೇಶದ ತರಗತಿಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕಾರಣ ಕೇಳಿದಾಗ ತಾಯಿ ತಲೆ ತಗ್ಗಿಸಿದರು. ಜೊತೆಯ ಮಕ್ಕಳಿಗೆ ಬೆಲೆಬಾಳುವ ಗೌನು, ಆಲ್ಬಮ್ಮು, ಹಾಲಿನಲ್ಲಿ ಔತಣ. "ಹಿಂದಿನ ಸಾಲವೇ ತೀರಿಲ್ಲ ಫಾದರ್. ಎಲ್ಲರ ನಡುವೆ ಮಗು ನೊಂದುಕೊಳ್ಳುತ್ತಾಳೆ."

ಯೇಸುಸ್ವಾಮಿ ಹಣವಿಲ್ಲದೆ ಕೊಡುವ ಊಟಕ್ಕೆ ನಾವು ಪ್ರವೇಶ ಶುಲ್ಕ ವಿಧಿಸಿದ್ದೇವೆ ಎಂದು ಆ ಸಂಜೆ ನನಗೆ ಅರಿವಾಯಿತು.

ಧರ್ಮಸಭೆ ಕೇಳುವುದಾದರೂ ಏನನ್ನು? 1910ರಲ್ಲಿ ವಿಶ್ವಗುರು ಹತ್ತನೆಯ ಪಿಯುಸ್‌ರವರು ಸುಮಾರು ಏಳು ವರ್ಷದ ಮಕ್ಕಳಿಗೂ ಈ ಸಂಸ್ಕಾರದ ಬಾಗಿಲು ತೆರೆದರು. ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸವನ್ನು ಮಗು ತನ್ನ ವಯಸ್ಸಿಗೆ ತಕ್ಕಂತೆ ಅರಿತು, ಭಕ್ತಿಯಿಂದ ಸ್ವೀಕರಿಸಿದರೆ ಸಾಕೆಂದರು. ಅವರು ಇಳಿಸಿದ ತಡೆಗೋಡೆಯನ್ನು ನಾವು ಹಣದ ಇಟ್ಟಿಗೆಗಳಿಂದ ಮತ್ತೆ ಕಟ್ಟುತ್ತಿದ್ದೇವೆ.

"ಜೀವನದಲ್ಲಿ ಒಮ್ಮೆ ಬರುವ ದಿನ, ಸಂತೋಷಪಡುವುದು ತಪ್ಪೇ?" ಎಂದು ನೀವು ಕೇಳಬಹುದು. ಖಂಡಿತ ತಪ್ಪಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಒದಗಿಸಿದ ಪ್ರಭು ಸಂತೋಷದ ವೈರಿಯಲ್ಲ. ಆದರೆ ನಮ್ಮ ಔತಣ ನೆರೆಯವನ ನಾಚಿಕೆಗೆ ಕಾರಣವಾದಾಗ ಅದು ಪ್ರಭುವಿನ ಔತಣವಾಗಿ ಉಳಿಯುವುದಿಲ್ಲ. ಕೊರಿಂಥದ ಕ್ರೈಸ್ತರಲ್ಲಿ ಕೆಲವರು ಹೊಟ್ಟೆತುಂಬ ಉಂಡು ಕುಡಿಯುವಾಗ ಬಡವರು ಹಸಿದೇ ಕುಳಿತಿರುತ್ತಿದ್ದರು. ಇಲ್ಲದವರನ್ನು ಹೀಗೆ ಅವಮಾನಿಸುವುದು ದೇವರ ಸಭೆಯನ್ನೇ ಕಡೆಗಣಿಸಿದಂತೆ ಎಂದು ಸಂತ ಪೌಲರು ಕಟುವಾಗಿ ಗದರಿಸಿದರು. ಆ ಪತ್ರವನ್ನು ಇಂದು ನಮ್ಮ ಧರ್ಮಕೇಂದ್ರಗಳ ವಿಳಾಸಕ್ಕೆ ಕಳುಹಿಸಿದರೂ ತಪ್ಪಾಗದು.

ಮಾರುಕಟ್ಟೆ ಬದುಕುವುದೇ ನಮ್ಮ ಅತೃಪ್ತಿಯಿಂದ. ಪಕ್ಕದ ಮನೆಯವರಲ್ಲಿ ಇರುವುದು ನಮ್ಮಲ್ಲಿಲ್ಲ ಎಂಬ ಕೊರಗನ್ನು ಅದು ಮೊದಲು ಬಿತ್ತುತ್ತದೆ. ಆಮೇಲೆ ಆ ಕೊರಗಿಗೆ ಮದ್ದನ್ನು ಕಂತಿನ ಮೇಲೆ ಮಾರುತ್ತದೆ. ಉತ್ತಮವಾಗಿ ಬಾಳಬೇಕೆಂಬ ಆಸೆ ತಪ್ಪಲ್ಲ, ಆದರೆ ಹೆಚ್ಚು ಹೊಂದುವುದೇ ಉತ್ತಮ ಬಾಳು ಎಂದು ತಿಳಿಯುವುದು ತಪ್ಪೆಂದು ವಿಶ್ವಗುರು ಎರಡನೆಯ ಜಾನ್ ಪೌಲರು 1991ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಇದಕ್ಕೆ ಉತ್ತರ ಸಂತೃಪ್ತಿ. ಅದು ಸೋಮಾರಿತನವಲ್ಲ, ಹಣೆಬರಹವೆಂದು ಕೈಕಟ್ಟಿ ಕೂರುವುದೂ ಅಲ್ಲ. ಸೆರೆಮನೆಯಿಂದ ಫಿಲಿಪ್ಪಿಯರಿಗೆ ಬರೆದ ಪೌಲರು, ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ತಾವು ಕಲಿತಿರುವುದಾಗಿ ಹೇಳುತ್ತಾರೆ. ಸಂತೃಪ್ತಿಯನ್ನು ಕಲಿಯಬೇಕು. ಮಕ್ಕಳು ಅದನ್ನು ತಂದೆತಾಯಿಯರನ್ನು ನೋಡಿಯೇ ಕಲಿಯಬೇಕು.

ನಾವು ಗುರುಗಳೂ ನಿರ್ದೋಷಿಗಳಲ್ಲ. ವಾರ್ಷಿಕ ಹಬ್ಬಕ್ಕೆ ದೊಡ್ಡ ಕಾಣಿಕೆ ಕೊಟ್ಟವರ ಹೆಸರನ್ನು ಬ್ಯಾನರಿನಲ್ಲಿ ಬರೆಸಿದವರು ನಾವೇ. ಹಾಲಿನ ಔತಣಗಳಲ್ಲಿ ಮೊದಲ ಸಾಲಿನಲ್ಲಿ ಕುಳಿತು ಉಂಡವರೂ ನಾವೇ. ಆ ತಾಯಿ ತಲೆ ತಗ್ಗಿಸಿದಾಗ ನಾನೂ ತಲೆ ತಗ್ಗಿಸಬೇಕಾಯಿತು.

ಆ ವರ್ಷ ಪೋಷಕರನ್ನೆಲ್ಲ ಕರೆದು ಮಾತನಾಡಿದೆವು. ಕೆಲವರು ಮುನಿಸಿಕೊಂಡರು. ಕೊನೆಗೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸರಳ ಬಿಳಿ ಉಡುಪು, ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲೇ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು ಎಂದು ತೀರ್ಮಾನವಾಯಿತು. ಆ ಬಾಲಕಿಯೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಡೆದು ಬಂದಳು. ಯಾರ ಮಗಳು, ಯಾರ ಸಾಲ ಎಷ್ಟು ಎಂದು ಉಡುಪು ನೋಡಿ ಹೇಳಲು ಯಾರಿಗೂ ಆಗಲಿಲ್ಲ.

ಪ್ರಿಯ ತಂದೆತಾಯಿಯರೇ, ಬಲಿಪೀಠದ ಮುಂದೆ ಸಿರಿವಂತನ ನಾಲಿಗೆಯ ಮೇಲೂ ಕೂಲಿಯವನ ನಾಲಿಗೆಯ ಮೇಲೂ ಇಡುವ ರೊಟ್ಟಿ ಒಂದೇ. ಅದು ಸಾಲದೆನಿಸಿದವರಿಗೆ ಯಾವ ಅಂಗಡಿಯೂ ತೃಪ್ತಿಯನ್ನು ಕೊಡಲಾರದು. ಬರುವ ಬೇಸಿಗೆಯಲ್ಲಿ ನಿಮ್ಮ ಮಗುವನ್ನು ಸಿದ್ಧಪಡಿಸುವಾಗ ದರ್ಜಿಯ ಬಳಿಗೆ ಹೋಗುವ ಮೊದಲು, ಮನೆಮಂದಿಯೆಲ್ಲ ಕೂಡಿ ಪಾಪನಿವೇದನೆಗೆ ಬನ್ನಿ. ಹಬ್ಬ ಅಲ್ಲಿಂದಲೇ ಆರಂಭವಾಗಲಿ.