ಹೆಪ್ಪು ಒಯ್ದವರು ಹೆಪ್ಪು ಕೊಡಬೇಕು

ಎರಡು ವರ್ಷದ ಹಿಂದೆ, ನುಡಿಯಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡಿಗೆ ಬದಲಿಸೋ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಕೇಳಿದ ಡಿಟಿಪಿ ಅಂಗಡಿಯವರಿಗೆಲ್ಲ ಸೋರ್ಸ್ ಕೋಡ್ ಸಮೇತ ಕೊಟ್ಟೆ. ಲೈಸೆನ್ಸು ಗಿಸೆನ್ಸು ಏನೂ ಹಚ್ಚಲಿಲ್ಲ. "ಏನರ ಮಾಡ್ಕೋರಿ" ಅಂದುಬಿಟ್ಟೆ.

ಮೊನ್ನೆ ಸುರಪುರದ ನಿವೃತ್ತ ಮಾಸ್ತರೊಬ್ಬರು ಫೋನ್ ಮಾಡಿದರು. ಹಂತಿ ಪದ, ಬೀಸುವ ಪದ ಕೂಡಿಹಾಕಿ 400 ಪುಟ ಟೈಪ್ ಮಾಡಿಸಿಟ್ಟವರು. "ತಮ್ಮಾ, ರೊಕ್ಕಾ ಕೊಟ್ಟು ಪ್ರೋಗ್ರಾಂ ತಗೊಂಡೀನಿ. 'ಧರ್ಮ' ಅಂತ ಇದ್ದದ್ದು 'ಧಮರ್' ಆಗ್ಲಿಕತ್ತದ ನೋಡು."

ಹೋಗಿ ನೋಡಿದರೆ ಅದು ನನ್ನದೇ ಪ್ರೋಗ್ರಾಂ! ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡಿನಲ್ಲಿ ಅದರ ಮೊದಲು ಬರಬೇಕು. ನನ್ನ ಪ್ರತಿಯಲ್ಲಿ ಅದನ್ನ ಎಂದೋ ಸರಿ ಮಾಡಿದ್ದೆ. ಮಾರಿದವರು ಹಳೇ ಪ್ರತಿಗೇ ಇನ್ನೊಂದು ಫಾಂಟಿನ ಅಕ್ಷರಪಟ್ಟಿ ಸೇರಿಸಿ, ಸೋರ್ಸ್ ಮುಚ್ಚಿಟ್ಟು ಬರೀ ಇಎಕ್ಸ್‌ಇ ಫೈಲ್ ಕೊಟ್ಟಿದ್ದಾರೆ. ಮಾಸ್ತರರ ಅರ್ಧ ಬರಹ ಆ ಇನ್ನೊಂದು ಫಾಂಟಿನಲ್ಲೇ ಇದೆ. ಅವರದನ್ನ ನಾನು ತಿದ್ದಲಾರೆ, ನನ್ನದರಲ್ಲಿ ಆ ಪಟ್ಟಿ ಇಲ್ಲ.

"ಪುಕ್ಕಟೆ ಕೊಟ್ಟವರು ನೀವೇ ಅಲ್ರಿ?" ಅಂದರು ಮಾರಿದವರು. ನಿಜ. ದುಡ್ಡು ತಗೊಂಡಿದ್ದಕ್ಕೆ ನನಗೇನೂ ಬೇಜಾರಿಲ್ಲ, ಜಿಪಿಎಲ್ ಕೂಡ ಮಾರೋದನ್ನ ತಡೆಯೋದಿಲ್ಲ. ಬಾಗಿಲು ಹಾಕಿದ್ದಕ್ಕೆ ಬೇಜಾರು.

ಪಕ್ಕದ ಮನೆಯಿಂದ ಹೆಪ್ಪು ತರ್ತೀವಲ್ಲ.. ಮೊಸರು ನಮ್ಮದೇ, ಬೇಕಾದರೆ ಮಾರಬಹುದು. ಆದರೆ ನಾಳೆ ಯಾರಾದರೂ ಹೆಪ್ಪು ಕೇಳಿದರೆ ಇಲ್ಲ ಅನ್ನಬಾರದು. ಕಾಪಿಲೆಫ್ಟ್ ಅಂದ್ರೆ ಇಷ್ಟೇ. ಎಂಐಟಿ ಥರದ ಲೈಸೆನ್ಸಿನಲ್ಲಿ ಈ ಷರತ್ತಿಲ್ಲ. ಏನೂ ಹಚ್ಚದೇ ಬಿಟ್ಟರೆ ಇನ್ನೂ ಕಷ್ಟ: 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕೆಲ್ಲ ಬರೆದವನದೇ, ಒಳ್ಳೇ ಮನಸ್ಸಿನವರೂ ಮುಟ್ಟೋಕೆ ಹೆದರಬೇಕು.

ಹಾಗಂತ ಎಲ್ಲದಕ್ಕೂ ಜಿಪಿಎಲ್ ಒಂದೇ ಮದ್ದಲ್ಲ. ಲೋಹಿತ್ ಕನ್ನಡ ಫಾಂಟು ಮೊದಲು ಜಿಪಿಎಲ್ ಅಡಿ ಬಂದು, 2011ರಲ್ಲಿ ಓಪನ್ ಫಾಂಟ್ ಲೈಸೆನ್ಸಿಗೆ ಹೋಯಿತು. ಅದೂ ಕಾಪಿಲೆಫ್ಟೇ. ಆದರೆ ಆ ಫಾಂಟು ಬಳಸಿದ ಪುಸ್ತಕಕ್ಕೆ, ಪಿಡಿಎಫ್‌ಗೆ ಷರತ್ತು ತಗಲೋದಿಲ್ಲ ಅಂತ ಬಿಡಿಸಿ ಹೇಳುತ್ತೆ. ಇನ್ನು ನನ್ನ ಪ್ರೋಗ್ರಾಂ ಯಾರಾದರೂ ತಿದ್ದಿ ವೆಬ್‌ಸೈಟಿನಲ್ಲಿ ಕೂರಿಸಿದರೆ ಜಿಪಿಎಲ್ ಸಾಲದು. ಪ್ರೋಗ್ರಾಂ ಯಾರ ಕೈಗೂ ಕೊಟ್ಟಂತಾಗೋದಿಲ್ಲವಲ್ಲ! 2007ರ ಎಜಿಪಿಎಲ್ 3 ಆಗಲೂ ಬಳಸುವವರಿಗೆ ಸೋರ್ಸ್ ಕೊಡಬೇಕು ಅನ್ನುತ್ತೆ. ಅದನ್ನೇ ಹಚ್ಚಿದೆ. ಬದಲಿಸಿದ ಬರಹಕ್ಕೆ ಮಾತ್ರ ಯಾವ ಷರತ್ತೂ ಇಲ್ಲ. ಗಿರಣಿ ಯಾರದೇ ಇರಲಿ, ಹಿಟ್ಟು ಬೀಸಿಸಿಕೊಂಡವರದು.

"ಇಷ್ಟು ಷರತ್ತು ಹಾಕಿದ್ರ ಯಾರೂ ಮುಟ್ಟಂಗಿಲ್ಲ" ಅಂತ ಗೆಳೆಯ ಬೈದ. ಇರಬಹುದು. ಹತ್ತು ಜನ ಕಡಿಮೆ ಬಳಸಲಿ ಬಿಡಿ. ಮಾಸ್ತರರ ಆ ಇನ್ನೊಂದು ಫಾಂಟಿನ ಪಟ್ಟಿಯನ್ನ ಈಗ ನಾನೇ ಮೊದಲಿಂದ ಮಾಡ್ತಾ ಕೂತಿದ್ದೀನಿ, ಒಂದೊಂದೇ ಅಕ್ಷರ..

ನೀವು ಬರೆದದ್ದಕ್ಕೆ ಯಾವ ಲೈಸೆನ್ಸ್ ಹಚ್ಚಿದ್ದೀರಿ?