ನೀರು ಚಿಮ್ಮಿದ್ದು ಸಾಕು, ಇನ್ನು ಕೋಣ ಓಡಲಿ

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಟ್ಯೂಷನ್ ಹೇಳಿಕೊಡುವವರಿಗಿಂತ ‘ಪೇಜ್ ನೋಡಿಕೊಳ್ಳುವವರು’ ಜಾಸ್ತಿ. ಯಾರನ್ನು ಕೇಳಿದರೂ ಒಂದು ಬೇಕರಿಯದ್ದೋ, ಒಂದು ಜಿಮ್ಮಿನದ್ದೋ, ಚಿಕ್ಕಮ್ಮ ಶುರು ಮಾಡಿದ ಹೊಲಿಗೆ ಅಂಗಡಿಯದ್ದೋ ಇನ್‌ಸ್ಟಾಗ್ರಾಮ್ ಅಕೌಂಟ್ ಅವರ ಮೊಬೈಲಿನಲ್ಲಿ ಉಂಟು. ಇದು ತಪ್ಪು ಅಂತ ಯಾರೂ ಹೇಳುವುದಿಲ್ಲ. ಕೈಖರ್ಚಿಗೆ ದುಡ್ಡಾಗುತ್ತದೆ, ಎಡಿಟಿಂಗ್ ಕಲಿತ ಹಾಗಾಗುತ್ತದೆ, ಅಂಗಡಿಯವರಿಗೂ ಖುಷಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಬೆಂಜನಪದವು, ಉಜಿರೆ, ಮಿಜಾರು ಅಂತ ಎಣಿಸುತ್ತಾ ಹೋದರೆ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ. ಅಂದರೆ ಕೈಯಲ್ಲಿ ಫೋನು, ಸಂಜೆ ಸ್ವಲ್ಪ ಸಮಯ, ತಲೆಯಲ್ಲಿ ಐಡಿಯಾ ಇರುವ ಸಾವಿರಾರು ಜನ ಇಲ್ಲೇ ಇದ್ದೇವೆ. ಊರಿನ ಸಣ್ಣ ವ್ಯಾಪಾರಗಳು ಜಗತ್ತಿಗೆ ಹೇಗೆ ಕಾಣಬೇಕು ಅನ್ನುವುದು ಗೊತ್ತಿದ್ದೋ ಗೊತ್ತಿಲ್ಲದೆಯೋ ನಮ್ಮ ಕೈಗೆ ಬಂದಿದೆ. ನಮ್ಮ ತಕರಾರು ಇರುವುದು ನಾವು ಅದನ್ನು ಮಾಡುತ್ತಿರುವ ರೀತಿಯ ಬಗ್ಗೆ.

ಕಂಬಳ ನೋಡಿದವರಿಗೆ ಇದನ್ನು ಬೇಗ ಹೇಳಬಹುದು. ಕಂಬಳದಲ್ಲಿ ಕನೆಹಲಗೆ ಅಂತ ಒಂದು ವಿಭಾಗ ಉಂಟು. ಅಲ್ಲಿ ವೇಗದ ಲೆಕ್ಕ ಇಲ್ಲ. ಹಲಗೆಯಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು, ಮೇಲೆ ಕಟ್ಟಿದ ನಿಶಾನೆಗೆ ತಾಗಿತಾ ಅನ್ನುವುದಷ್ಟೇ ಲೆಕ್ಕ. ಹಗ್ಗ, ನೇಗಿಲು ವಿಭಾಗಗಳಲ್ಲಿ ಹಾಗಲ್ಲ, ಗುರಿ ಮುಟ್ಟಿದ್ದು ಯಾರು ಮೊದಲು ಅಂತ ನೋಡುತ್ತಾರೆ. ಎರಡಕ್ಕೂ ಅದರದರ ಮರ್ಯಾದೆ ಇದೆ. ಆದರೆ ನೇಗಿಲು ಕೋಣಕ್ಕೆ ಕನೆಹಲಗೆಯ ಮಾರ್ಕು ಕೊಟ್ಟರೆ ಯಾರಾದರೂ ಒಪ್ಪುತ್ತಾರಾ? ನಾವು ಮಾಡುತ್ತಿರುವುದು ಅದನ್ನೇ. ಅಂಗಡಿಗೆ ಬೇಕಾದ್ದು ಓಟ, ಅಂದರೆ ನಾಳೆ ಪುನಃ ಬರುವ ಗಿರಾಕಿ. ನಾವು ತೋರಿಸುವುದು ನೀರು ಎಷ್ಟು ಚಿಮ್ಮಿತು ಅಂತ: ಇಷ್ಟು ವ್ಯೂಸ್, ಇಷ್ಟು ಲೈಕ್, ಇಷ್ಟು ಫಾಲೋವರ್ಸ್.

ಬ್ರ್ಯಾಂಡ್ ಅಂದರೆ ಏನು ಅಂತ ಕಲಿಯಲು ಮ್ಯಾನೇಜ್ಮೆಂಟ್ ಪುಸ್ತಕ ಬೇಡ, ಬಂಟ್ವಾಳ ತಾಲೂಕಿನ ಕಲ್ಲಡ್ಕಕ್ಕೆ ಹೋದರೆ ಸಾಕು. ಲಕ್ಷ್ಮೀ ನಿವಾಸ ಹೋಟೆಲಿನ ಕೆ.ಟಿ. ಗೊತ್ತಿಲ್ಲದವರು ನಮ್ಮಲ್ಲಿ ಇರಲಿಕ್ಕಿಲ್ಲ. ಗ್ಲಾಸಿನ ಕೆಳಗೆ ಸಕ್ಕರೆ ಹಾಕಿದ ಹಾಲು, ಮೇಲೆ ಚಹಾದ ಡಿಕಾಕ್ಷನ್. ಕಲಡಿಸುವವರೆಗೆ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಸಕ್ಕರೆ ಹಾಲಿನ ಸಾಂದ್ರತೆ ಜಾಸ್ತಿ, ಹಾಗಾಗಿ ಮೆಲ್ಲ ಹೊಯ್ದ ಡಿಕಾಕ್ಷನ್ ಮೇಲೆ ತೇಲುತ್ತದೆ ಅಂತ ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಹೇಳಬಹುದು. ಅದನ್ನು ಶುರು ಮಾಡಿದವರ ಕಾಲದಲ್ಲಿ ಫೋನ್ ಕ್ಯಾಮೆರಾ ಇರಲಿಲ್ಲ. ಆದರೂ ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ಪಕ್ಕಾ ‘ಕಂಟೆಂಟ್’. ನೋಡಿದ ಕೂಡಲೇ ಗುರುತು ಸಿಗುತ್ತದೆ, ಬಾಯಲ್ಲಿ ಹೇಳಲು ಎರಡೇ ಅಕ್ಷರ, ಯಾವಾಗ ಹೋದರೂ ಅದೇ ರುಚಿ. ಮಂಗಳೂರು-ಬೆಂಗಳೂರು ಹೆದ್ದಾರಿಯ ಪ್ರಯಾಣಿಕರೇ ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. ಇವತ್ತು ಕರಾವಳಿಯ ಎಷ್ಟೋ ಹೋಟೆಲುಗಳಲ್ಲಿ ‘ಒಂದು ಕೆ.ಟಿ.’ ಅಂದರೆ ಸಾಕು, ಅರ್ಥವಾಗುತ್ತದೆ. ಒಂದು ಊರಿನ ಹೆಸರೇ ಒಂದು ಚಹಾದ ಹೆಸರಾಯಿತು. ಇದಕ್ಕಿಂತ ದೊಡ್ಡ ಬ್ರ್ಯಾಂಡಿಂಗ್ ಇನ್ನೇನು ಬೇಕು?

ಹಾಗಾದರೆ ಸೋಶಿಯಲ್ ಮೀಡಿಯಾ ಬೇಡವೇ ಬೇಡ ಅಂತಲ್ಲ. ಕಲ್ಲಡ್ಕದಲ್ಲೇ ಇನ್ನೊಂದು ಪಾಠ ಉಂಟು. ಅಲ್ಲಿ ಈಗ ಸುಮಾರು ಎರಡು ಕಿಲೋಮೀಟರ್ ಉದ್ದದ ಫ್ಲೈಓವರ್ ಬಂದಿದೆ. ಹಿಂದೆ ಪೇಟೆಯ ನಡುವೆಯೇ ಹೋಗಬೇಕಾಗಿದ್ದ ವಾಹನ ಈಗ ಮೇಲಿಂದ ಹಾರಿ ಹೋಗುತ್ತದೆ. ಮೇಲೆ ಹೋಗುವವನಿಗೆ ಕೆಳಗಿನ ಬೋರ್ಡು ಕಾಣುವುದಿಲ್ಲ. ಹೆಸರು ಮೊದಲೇ ಗೊತ್ತಿದ್ದವನು ಮಾತ್ರ ಕೆಳಗೆ ಇಳಿಯುತ್ತಾನೆ. ಹೆದ್ದಾರಿ ಅಗಲವಾದ ಕಡೆಯೆಲ್ಲ ಇದೇ ಕಥೆ. ಕೆ.ಟಿ.ಗೆ ಹೆಸರು ಇದೆ, ಅದು ಬದುಕುತ್ತದೆ. ಅದರ ಪಕ್ಕದ ಹಣ್ಣಿನ ಅಂಗಡಿ, ಪಂಕ್ಚರ್ ಅಂಗಡಿ, ಹಪ್ಪಳ ಮಾರುವ ಅಕ್ಕನಿಗೆ ರಸ್ತೆಯೇ ಬೋರ್ಡು ಆಗಿತ್ತು. ಅವರಿಗೆ ಈಗ ಮೊಬೈಲಿನ ಮ್ಯಾಪೇ ರಸ್ತೆ. ಅಲ್ಲಿ ಅವರ ಅಂಗಡಿ ಇಲ್ಲ ಅಂದರೆ ಅವರು ಊರಲ್ಲೇ ಇಲ್ಲ ಅಂತ ಅರ್ಥ. ನಮ್ಮ ಕೆಲಸ ನಿಜವಾಗಿ ಬೇಕಾಗಿರುವುದು ಇಂಥವರಿಗೆ.

ಎರಡನೇ ಉದಾಹರಣೆ ಮೂಡುಬಿದಿರೆಯದ್ದು. 2020ರ ಫೆಬ್ರವರಿಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಅಂತ ಲೆಕ್ಕ ಹಾಕಿದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಅಷ್ಟೇ ಸಾಕಾಯಿತು. ದೇಶವಿಡೀ ಶೇರ್, ವಿದೇಶಿ ಪತ್ರಿಕೆಗಳಲ್ಲಿ ಸುದ್ದಿ, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರಿಂದ ಟ್ರಯಲ್ಸ್‌ಗೆ ಬುಲಾವ್. ಗೌಡರು ಟ್ರಯಲ್ಸ್‌ಗೆ ಹೋಗಲು ಒಪ್ಪಲಿಲ್ಲ. ಕೆಸರುಗದ್ದೆಯಲ್ಲಿ ಕೋಣದ ಜೊತೆ ಓಡುವುದೂ ಟ್ರ್ಯಾಕಿನಲ್ಲಿ ಒಬ್ಬನೇ ಓಡುವುದೂ ಒಂದೇ ಅಲ್ಲ ಅನ್ನುವುದು ನಮ್ಮೂರಿನ ಯಾವ ಮಗುವಿಗೂ ಗೊತ್ತು. ಅದೇ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಲೆಕ್ಕ ಹಾಕಿದರೆ ಅದು ಇನ್ನೂ ವೇಗ. ಆದರೆ ಅವರ ಹೆಸರು ಕರಾವಳಿಯ ಹೊರಗೆ ಎಷ್ಟು ಜನರಿಗೆ ನೆನಪುಂಟು?

ಇಲ್ಲಿ ಓಟಗಾರರದ್ದು ಏನೂ ತಪ್ಪಿಲ್ಲ. ಗಮನಿಸಬೇಕಾದ್ದು ಸುದ್ದಿ ಯಾವ ಹೆಸರಿನಲ್ಲಿ ಓಡಿತು ಅನ್ನುವುದನ್ನು. ‘ಇಂಡಿಯನ್ ಬೋಲ್ಟ್’ ಅಂದರು. ಅಂದರೆ ಕಾಲು ನಮ್ಮದು, ಗದ್ದೆ ನಮ್ಮದು, ಬ್ರ್ಯಾಂಡ್ ಮಾತ್ರ ಜಮೈಕಾದ್ದು. ಸಾಲ ಪಡೆದ ಹೆಸರು ಸಾಲದ ಹಾಗೆಯೇ, ಅವಧಿ ಮುಗಿದ ಕೂಡಲೇ ವಾಪಸು ಹೋಗುತ್ತದೆ. ಅದರ ಬದಲು ಕಂಬಳದವರು ತಾವೇ ಕಟ್ಟಿಕೊಂಡದ್ದನ್ನು ನೋಡಿ. ಸೀಸನ್ನಿನಲ್ಲಿ ಹಗಲು ರಾತ್ರಿ ಯೂಟ್ಯೂಬಿನಲ್ಲಿ ನೇರಪ್ರಸಾರ, ತುಳುವಿನಲ್ಲಿ ವೀಕ್ಷಕ ವಿವರಣೆ, ಕೋಣಗಳು ಓಡುವುದು ಊರಿನ, ಮನೆಯ, ಯಜಮಾನರ ಹೆಸರಿನಲ್ಲಿ. ಮುಂಬಯಿಯಲ್ಲಿ, ಗಲ್ಫಿನಲ್ಲಿ ಕೂತವರೂ ಅದನ್ನು ನೋಡುತ್ತಾರೆ. ಅದಕ್ಕೆ ಟ್ರೆಂಡಿಂಗ್ ಹಾಡು ಬೇಕಾಗಲಿಲ್ಲ. ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ತೀರ್ಪಿನಿಂದ ಹಿಡಿದು 2023ರ ಮೇ 18ರಂದು ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿಯುವವರೆಗೆ ಅಷ್ಟು ವರ್ಷ ಕಂಬಳ ನಿಲ್ಲುತ್ತದೋ ಉಳಿಯುತ್ತದೋ ಅನ್ನುವ ಪರಿಸ್ಥಿತಿ ಇತ್ತು. ಆಗ ಅದರ ಜೊತೆ ನಿಂತದ್ದು ಈ ಊರು, ಮನೆಗಳೇ. ವೈರಲ್ ಆಗುವುದಕ್ಕೂ ಹೆಸರು ಉಳಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಮೂರನೆಯದು ಬಾಕಾಹು. ಬಾಳೆಕಾಯಿ ಹುಡಿ ಅನ್ನುವುದರ ಮೊದಲ ಅಕ್ಷರಗಳನ್ನು ಜೋಡಿಸಿದರೆ ಬಾಕಾಹು. 2021ರಲ್ಲಿ ‘ಅಡಿಕೆ ಪತ್ರಿಕೆ’ ಮತ್ತು ಅದರ ಕಾರ್ಯನಿರ್ವಾಹಕ ಸಂಪಾದಕ ಶ್ರೀ ಪಡ್ರೆಯವರ ಪ್ರಯತ್ನದಿಂದ, ಮುಖ್ಯವಾಗಿ ವಾಟ್ಸ್ಆಪ್ ಮೂಲಕ, ಬಾಳೆಕಾಯಿ ಹೆಚ್ಚಿ ಒಣಗಿಸಿ ಹುಡಿ ಮಾಡುವ ವಿಧಾನ ಮನೆಯಿಂದ ಮನೆಗೆ ಹರಡಿತು. ದೋಸೆ ಮಾಡಿದವರು ಫೋಟೋ ಹಾಕಿದರು, ಅದನ್ನು ನೋಡಿದವರು ಗುಲಾಬ್ ಜಾಮೂನು ಮಾಡಿದರು. ಅದೇ ವರ್ಷದ ಜುಲೈ ತಿಂಗಳ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರ ಈ ಕೆಲಸವನ್ನು ಹೇಳಿದರು. ಲೋಗೋ ಡಿಸೈನರ್ ಇಲ್ಲ, ಇನ್‌ಫ್ಲುಯೆನ್ಸರ್ ಇಲ್ಲ. ಇದ್ದದ್ದು ನಮ್ಮ ಭಾಷೆಯಿಂದಲೇ ಹುಟ್ಟಿದ ಒಂದು ಚಂದದ ಹೆಸರು ಮತ್ತು ಯಾರು ಬೇಕಾದರೂ ಮಾಡಿ ನೋಡಬಹುದಾದ ಒಂದು ವಿಷಯ. ‘ಬನಾನಾ ಫ್ಲೋರ್’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಅಡುಗೆಮನೆಯ ಗ್ರೂಪುಗಳಲ್ಲಿ ಅದು ಹೀಗೆ ಓಡುತ್ತಿತ್ತಾ? ನಮಗಂತೂ ಅನುಮಾನ.

ಇಷ್ಟು ಹೇಳಿದರೆ ಗೆಳೆಯರು ಒಂದು ಪ್ರಶ್ನೆ ಕೇಳುತ್ತಾರೆ: “ಕನ್ನಡದಲ್ಲಿ ಹಾಕಿದರೆ ರೀಚ್ ಬರುವುದಿಲ್ಲ ಮಾರಾಯ, ಇಂಗ್ಲಿಷೇ ಬೇಕು.” ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲೇ ಕಲಿತವರು. ಕ್ಯಾಪ್ಶನ್ ಅಂದ ಕೂಡಲೇ ತಲೆಗೆ ಬರುವುದೂ ಇಂಗ್ಲಿಷೇ. ಆದರೆ ರೀಚ್ ಎಲ್ಲಿಗೆ? ಪುಂಜಾಲಕಟ್ಟೆಯ ಬೇಕರಿಯ ಪಫ್ಸ್ ತಿನ್ನುವವನು ಹತ್ತು ಹದಿನೈದು ಕಿಲೋಮೀಟರಿನ ಒಳಗೆ ಇರುತ್ತಾನೆ. ದೆಹಲಿಯಲ್ಲಿ ಹತ್ತು ಸಾವಿರ ಜನ ರೀಲ್ ನೋಡಿದರೆ ಒಂದು ಪಫ್ಸ್ ಕೂಡ ಹೆಚ್ಚು ಖರ್ಚಾಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳಿದರೆ ಅದು ಸಿಗ್ನಲ್ ಅಲ್ಲ, ನಾಯ್ಸ್. ಇಲ್ಲಿನ ಜನ ಹೇಗೆ ಮಾತಾಡುತ್ತಾರೆ, ಹೇಗೆ ಹುಡುಕುತ್ತಾರೆ ಅನ್ನುವುದು ಗೊತ್ತಿರುವುದು ನಮಗೆ. ಮೂಡುಬಿದಿರೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಮೂಡುಬಿದಿರೆ, ಮೂಡಬಿದ್ರಿ, ತುಳುವಿನಲ್ಲಿ ಬೆದ್ರ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದ್ದು ಒಂದೊಂದು ಸ್ಪೆಲ್ಲಿಂಗ್. ಇದನ್ನೆಲ್ಲ ಸೇರಿಸಿ ಅಂಗಡಿಯ ವಿವರ ಬರೆಯಲು ಬೆಂಗಳೂರಿನ ಏಜೆನ್ಸಿಗೆ ಗೊತ್ತಾಗುವುದಿಲ್ಲ, ನಮಗೆ ಗೊತ್ತು.

ಇನ್ನೊಂದು ದೊಡ್ಡ ವಿಷಯ ಯಜಮಾನಿಕೆಯದ್ದು. ಗೇಣಿ ಅಂದರೆ ಏನು ಅಂತ ನಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಉಳುವುದು ನಾವು, ಬೆಳೆಯುವುದು ನಾವು, ನೆಲ ಧಣಿಗಳದ್ದು. 1974ರ ಭೂಸುಧಾರಣೆಯ ಮೇಲೆ ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಡಿಕ್ಲರೇಶನ್ ಕೊಟ್ಟು ನೆಲ ತಮ್ಮದು ಮಾಡಿಕೊಂಡವು. ಇನ್‌ಸ್ಟಾಗ್ರಾಮಿನ ಪೇಜು ಕೂಡ ಗೇಣಿಯೇ. 2016ರವರೆಗೆ ಅಲ್ಲಿ ಹಾಕಿದ ಪೋಸ್ಟು ಹಾಕಿದ ಹೊತ್ತಿನ ಕ್ರಮದಲ್ಲೇ ಕಾಣುತ್ತಿತ್ತು. ಆಮೇಲೆ ಯಾರಿಗೆ ಯಾವುದು ಕಾಣಬೇಕು ಅಂತ ಕಂಪನಿಯೇ ತೀರ್ಮಾನ ಮಾಡಿತು. 2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರೂ ಬರಿಗೈಯಲ್ಲಿ ಎದ್ದು ಬಂದರು. ಈ ಗೇಣಿಗೆ ಡಿಕ್ಲರೇಶನ್ ಕೊಡುವ ಕಛೇರಿ ಎಲ್ಲೂ ಇಲ್ಲ.

ಅದರ ಮೇಲೆ ನಾವು ಒಳಗೇಣಿದಾರರು ಬೇರೆ! ಅಂಗಡಿಯ ಅಕೌಂಟು ನಮ್ಮ ಫೋನ್ ನಂಬರಿನಲ್ಲಿ, ಪಾಸ್‌ವರ್ಡ್ ನಮ್ಮ ತಲೆಯಲ್ಲಿ. ಕೋರ್ಸ್ ಮುಗಿಸಿದ ಸೀನಿಯರ್ ಕೆಲಸ ಸಿಕ್ಕಿ ಬೆಂಗಳೂರು ಬಸ್ಸು ಹತ್ತುವಾಗ ಅಂಗಡಿಯ ಪೇಜೂ ಅವರ ಜೊತೆ ಹೋಗುತ್ತದೆ. ಹಿಂದಿನ ಬ್ಯಾಚಿನವರು ಮಾಡಿಟ್ಟು, ಈಗ ಯಾರಿಗೂ ಒಳಗೆ ಹೋಗಲಾಗದ, ಹಳೇ ರೇಟು, ಹಳೇ ಫೋನ್ ನಂಬರು ತೋರಿಸುತ್ತಾ ಬಿದ್ದಿರುವ ಪೇಜುಗಳು ಎಷ್ಟು ಬೇಕು? ಅಂಥ ಪೇಜು ಇರುವುದಕ್ಕಿಂತ ಇಲ್ಲದಿರುವುದು ಲೇಸು.

ಕೊನೆಯದಾಗಿ ನಂಬಿಕೆ. ಊಟ ಫ್ರೀ ಕೊಟ್ಟರು ಅಂತ ‘ಬೆಸ್ಟ್ ಬಿರಿಯಾನಿ ಇನ್ ತುಳುನಾಡು’ ಅನ್ನುವ ರೀಲ್ ನಮ್ಮಲ್ಲಿ ವಾರಕ್ಕೊಂದು ಬರುತ್ತದೆ. ಇದಕ್ಕೆ ನಿಯಮ ಉಂಟು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಕೊಟ್ಟ ಮಾರ್ಗಸೂಚಿಯ ಪ್ರಕಾರ ದುಡ್ಡು ಮಾತ್ರ ಅಲ್ಲ, ಫ್ರೀ ವಸ್ತು ಪಡೆದು ಹೊಗಳಿದರೂ ಅದನ್ನು ಸ್ಪಷ್ಟವಾಗಿ ಹೇಳಬೇಕು, ಅದೂ ರೀಲ್ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಆದರೆ ದಂಡದ ಹೆದರಿಕೆಗಿಂತ ದೊಡ್ಡದು ಸಣ್ಣ ಊರಿನ ನ್ಯಾಯ. ಇಲ್ಲಿ ರೀಲ್ ನೋಡಿ ಹೋಗಿ ಮೋಸ ಹೋದವನು ಸಂಜೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾನೆ. ಅವನು ಕಮೆಂಟ್ ಹಾಕುವುದಿಲ್ಲ, ಮನೆಯಲ್ಲಿ ಹೇಳುತ್ತಾನೆ. ಅಲ್ಲಿಗೆ ಆ ಅಂಗಡಿಯ ಕಥೆ ಮುಗಿಯಿತು.

ಹಾಗಾದರೆ ಎಂತ ಮಾಡುದು? ನಮ್ಮ ಕನ್ನಡ ಸಂಘವೇ ಇದನ್ನು ಕೈಗೆತ್ತಿಕೊಳ್ಳಲಿ ಅನ್ನುವುದು ನಮ್ಮ ಬೇಡಿಕೆ. ಈ ಸೆಮಿಸ್ಟರಿನಲ್ಲಿ ಇಪ್ಪತ್ತು ಸಣ್ಣ ಅಂಗಡಿಗಳು ಸಾಕು. ಮೊದಲು ಮ್ಯಾಪಿನಲ್ಲಿ ಸರಿಯಾದ ಜಾಗ, ತೆರೆಯುವ ಹೊತ್ತು, ಫೋನ್ ನಂಬರು. ಕನ್ನಡದಲ್ಲಿ ಹೆಸರು, ಬೇಕಾದರೆ ತುಳುವಿನಲ್ಲಿ ಮಾತು. ಅಕೌಂಟು ಅಂಗಡಿಯವರ ನಂಬರಿನಲ್ಲಿ, ಪಾಸ್‌ವರ್ಡ್ ಅವರ ಪುಸ್ತಕದಲ್ಲಿ. ಗಿರಾಕಿಗಳ ನಂಬರುಗಳನ್ನು ಅವರ ಒಪ್ಪಿಗೆ ಪಡೆದು ವಾಟ್ಸ್ಆಪ್ ಬಿಸಿನೆಸ್ಸಿನಲ್ಲಿ ಇಡುವುದು, ಆ ಪಟ್ಟಿ ಅಂಗಡಿಯವರದ್ದೇ ಸ್ವಂತ ನೆಲ. ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರಿಗೆ ಫೋಟೋ ತೆಗೆಯುವ ಮೊದಲು ಎಫ್ಎಸ್ಎಸ್ಎಐ ನೋಂದಣಿ ಮಾಡಿಸಿಕೊಡುವುದು. ಸಣ್ಣ ವ್ಯಾಪಾರದವರಿಗೆ ಅದರ ಶುಲ್ಕ ದೊಡ್ಡದೇನಲ್ಲ. ದುಡ್ಡು ಪಡೆದು ಮಾಡಿದ ರೀಲಿನಲ್ಲಿ ‘ಜಾಹೀರಾತು’ ಅಂತ ಕನ್ನಡದಲ್ಲೇ ಬರೆಯುವುದು. ಆರು ತಿಂಗಳ ನಂತರ ವ್ಯೂಸ್ ಕೇಳುವುದು ಬೇಡ. “ಅಕ್ಕ, ಹೊಸ ಗಿರಾಕಿ ಎಷ್ಟು ಬಂದರು? ಹಳಬರು ಪುನಃ ಬಂದರಾ?” ಅಂತ ಎರಡೇ ಪ್ರಶ್ನೆ ಕೇಳೋಣ.

ಇದರಲ್ಲಿ ಗ್ಲಾಮರ್ ಇಲ್ಲ, ಒಪ್ಪುತ್ತೇವೆ. ರೆಸ್ಯೂಮೆಯಲ್ಲಿ ‘ಐದು ಲಕ್ಷ ವ್ಯೂಸ್’ ಅಂತ ಬರೆಯುವಷ್ಟು ಗತ್ತು ‘ಇಪ್ಪತ್ತು ಅಂಗಡಿಯ ಫೋನ್ ನಂಬರು ಸರಿ ಮಾಡಿದೆವು’ ಅನ್ನುವುದರಲ್ಲಿ ಬರುವುದಿಲ್ಲ. ಆದರೆ ನಾವು ಪಾಸಾಗಿ ಹೋದ ಮೇಲೂ ಊರಿನಲ್ಲಿ ಉಳಿಯುವುದು ಎರಡನೆಯದ್ದೇ. ಆಸಕ್ತಿ ಇದ್ದವರು ಸಂಘದ ಮುಂದಿನ ಸಭೆಗೆ ಬನ್ನಿ, ಬರುವಾಗ ನಿಮ್ಮ ಊರಿನ ಒಂದು ಅಂಗಡಿಯ ಹೆಸರು ಬರೆದುಕೊಂಡು ಬನ್ನಿ.